ಜೊತೆಯಲ್ಲಿ ಬರುವವರಿಗೆ ನಮ್ಮ ಮೈಲ್ಸ್‌ನಿಂದ ಟಿಕೆಟ್ ತೆಗೆಯುವಾಗ ಗಮನಿಸಬೇಕಾದದ್ದೇನು?

ದೂರಯಾನಿ (ಪ್ರಶ್ನೆ)

ಉದ್ಯೋಗದ ನಿಮಿತ್ತ ಮಾಡಿದ ಪ್ರಯಾಣಗಳಿಂದ ನನ್ನ ಹೆಸರಿನಲ್ಲಿ ಸಾಕಷ್ಟು ಮೈಲ್ಸ್ (ಪ್ರಯಾಣಕ್ಕೆ ಪ್ರತಿಯಾಗಿ ವಿಮಾನಯಾನ ಸಂಸ್ಥೆಗಳು ಕೊಡುವ, ಟಿಕೆಟ್ ತೆಗೆಯಲು ಬಳಸಬಹುದಾದ ಅಂಕಗಳು) ಸೇರಿವೆ. ಅವುಗಳಲ್ಲಿ ಹೆಚ್ಚಿನ ಪಾಲು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಖಾತೆಯಲ್ಲಿದ್ದರೆ, ಒಬ್ಬರ ಟಿಕೆಟ್‌ಗೆ ಸಾಲಬಹುದಾದಷ್ಟು ಮೈಲ್ಸ್ ಜಪಾನಿನ ಎಎನ್‌ಎ ಸಂಸ್ಥೆಯ ಮೈಲೇಜ್ ಕ್ಲಬ್‌ನಲ್ಲಿವೆ. ಮುಂದಿನ ವರ್ಷ ಗೆಳತಿಯೊಬ್ಬರ ಜೊತೆ ದೂರದ ವಿಮಾನಯಾನವೊಂದನ್ನು ಮಾಡಬೇಕೆಂದಿದ್ದೇನೆ. ನಮ್ಮಿಬ್ಬರ ನಡುವೆ ರಕ್ತಸಂಬಂಧವಾಗಲಿ ವೈವಾಹಿಕ ಸಂಬಂಧವಾಗಲಿ ಇಲ್ಲ. ಅವರ ಬಳಿ ಯಾವ ವಿಮಾನಯಾನ ಸಂಸ್ಥೆಯ ಮೈಲ್ಸ್ ಕೂಡ ಇಲ್ಲ.

ನನ್ನ ಗೊಂದಲ ಮುಖ್ಯವಾಗಿ ಮೂರು ವಿಷಯಗಳಿಗೆ ಸಂಬಂಧಿಸಿದೆ. ಕೆಲವು ಸಂಸ್ಥೆಗಳು ಶುಲ್ಕ ಪಡೆದು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಮೈಲ್ಸ್ ವರ್ಗಾಯಿಸುತ್ತವೆ ಎಂದು ಓದಿದ್ದೇನೆ; ಗೆಳತಿಯ ಟಿಕೆಟ್‌ಗಾಗಿ ಅಂಥ ವರ್ಗಾವಣೆ ಮಾಡಲೇಬೇಕೇ? ಎರಡನೆಯದಾಗಿ, ಸಂಬಂಧಿಕರಲ್ಲದವರಿಗೆ ಮೈಲ್ಸ್ ಬಳಸಲು ಅಡ್ಡಿಯೇನಾದರೂ ಇದೆಯೇ? ಕೊನೆಯದಾಗಿ, ಒಬ್ಬರಿಗೆಂದು ಹುಡುಕಿದಾಗ ಕಡಿಮೆ ಮೈಲ್ಸ್‌ಗೆ ಕಾಣಿಸುವ ಸೀಟು ಇಬ್ಬರಿಗೆಂದು ಹುಡುಕಿದ ಕೂಡಲೇ ಮಾಯವಾಗುತ್ತದೆ. ಇದು ಜಾಲತಾಣದ ದೋಷವೋ ಅಥವಾ ಇದರ ಹಿಂದೆ ಬೇರೆ ಲೆಕ್ಕಾಚಾರವಿದೆಯೋ ತಿಳಿಯಬಯಸುತ್ತೇನೆ. ಒಬ್ಬರು ಮೈಲ್ಸ್‌ನಲ್ಲಿಯೂ ಇನ್ನೊಬ್ಬರು ಹಣ ಕೊಟ್ಟೂ ಪ್ರಯಾಣಿಸುವುದು ಜಾಣತನವೇ ಎಂಬುದರ ಬಗ್ಗೆಯೂ ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ಮೇಘಪಥ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ: ವರ್ಗಾವಣೆ ಬೇಡ. ಮೈಲ್ಸ್ ಯಾರ ಖಾತೆಯಿಂದ ಕಡಿತವಾಗುತ್ತವೆ ಎಂಬುದೂ ಟಿಕೆಟ್ ಯಾರ ಹೆಸರಿನಲ್ಲಿ ಹೊರಡುತ್ತದೆ ಎಂಬುದೂ ಬೇರೆ ಬೇರೆ ಸಂಗತಿಗಳು. ನಿಮ್ಮ ಖಾತೆಗೆ ಲಾಗಿನ್ ಆಗಿ, ಪ್ರಯಾಣಿಕರ ವಿವರದ ಜಾಗದಲ್ಲಿ ಗೆಳತಿಯ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತುಂಬಿದರೆ, ಮೈಲ್ಸ್ ನಿಮ್ಮದು, ಟಿಕೆಟ್ ಅವರದು. ವರ್ಗಾವಣೆಗೆ ಶುಲ್ಕ ತೆತ್ತು ಅವರ ಖಾತೆಗೆ ಮೈಲ್ಸ್ ಕಳುಹಿಸಿ, ಅಲ್ಲಿಂದ ಅದೇ ಟಿಕೆಟ್ ತೆಗೆಯುವುದರಿಂದ ವಿಮಾನಯಾನ ಸಂಸ್ಥೆಗೆ ಲಾಭವೇ ಹೊರತು ನಿಮಗಲ್ಲ. ಇಬ್ಬರ ಖಾತೆಯಲ್ಲೂ ಅರ್ಧಂಬರ್ಧ ಮೈಲ್ಸ್ ಇದ್ದು, ಯಾವೊಂದು ಖಾತೆಯಿಂದಲೂ ಟಿಕೆಟ್ ಹುಟ್ಟದಿರುವ ಸಂದರ್ಭದಲ್ಲಿ ಮಾತ್ರ ವರ್ಗಾವಣೆಯ ಬಗ್ಗೆ ಯೋಚಿಸಬಹುದು. ಆಗಲೂ ಶುಲ್ಕವಿಲ್ಲದೆ ಖಾತೆಗಳನ್ನು ಒಟ್ಟುಗೂಡಿಸುವ ಸೌಲಭ್ಯ ಇದೆಯೇ ಎಂದು ಮೊದಲು ನೋಡಬೇಕು. ಉದಾಹರಣೆಗೆ, ಯುನೈಟೆಡ್ ಸಂಸ್ಥೆಯು 2024ರಿಂದ ಐದು ಮಂದಿಯವರೆಗೆ ಮೈಲ್ಸ್ ಒಂದೆಡೆ ಸೇರಿಸಲು ಅವಕಾಶ ಕೊಟ್ಟಿದೆ. ಹಾಗೆ ಸೇರಿಸಿದ ಮೈಲ್ಸ್ ಅದರ ಸ್ವಂತ ವಿಮಾನಗಳಿಗಷ್ಟೇ ಸಲ್ಲುತ್ತವೆ, ಪಾಲುದಾರ ಸಂಸ್ಥೆಗಳ ವಿಮಾನಗಳಿಗಲ್ಲ ಎಂಬ ಕಟ್ಟು ಅದಕ್ಕಿದೆ.

ಎರಡನೆಯ ಪ್ರಶ್ನೆಯಲ್ಲಿಯೇ ನಿಮ್ಮ ಪ್ರಯಾಣದ ಹಣೆಬರಹ ಅಡಗಿದೆ, ಏಕೆಂದರೆ ನಿಮ್ಮ ಎರಡು ಖಾತೆಗಳ ನಿಯಮಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಮೆರಿಕದ ದೊಡ್ಡ ಸಂಸ್ಥೆಗಳಾದ ಯುನೈಟೆಡ್, ಅಮೆರಿಕನ್ ಮತ್ತು ಡೆಲ್ಟಾ ಈ ವಿಷಯದಲ್ಲಿ ಉದಾರಿಗಳು. ಸದಸ್ಯರು ತಮ್ಮ ಮೈಲ್ಸ್‌ನಿಂದ ಯಾರ ಹೆಸರಿಗೆ ಬೇಕಾದರೂ ಟಿಕೆಟ್ ತೆಗೆಯಬಹುದು. ಏಷ್ಯಾದ ಸಂಸ್ಥೆಗಳಲ್ಲಿ ಹಲವು ಹಾಗಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಐದು ಮಂದಿಯವರೆಗೆ ನಾಮಿನಿಗಳನ್ನು ನೋಂದಾಯಿಸಿಕೊಳ್ಳಬೇಕು, ಆ ಪಟ್ಟಿಯಲ್ಲಿರುವವರಿಗೆ ಮಾತ್ರ ನಿಮ್ಮ ಮೈಲ್ಸ್ ಬಳಕೆಯಾಗುತ್ತದೆ. ಆದರೆ ಅವರು ಸಂಬಂಧಿಕರೇ ಆಗಿರಬೇಕೆಂಬ ಷರತ್ತಿಲ್ಲದ ಕಾರಣ ನಿಮ್ಮ ಗೆಳತಿಯನ್ನು ಧಾರಾಳವಾಗಿ ಸೇರಿಸಬಹುದು. ಕ್ಯಾಥೆ ಪೆಸಿಫಿಕ್‌ನಲ್ಲೂ ಇದೇ ಬಗೆಯ ಪಟ್ಟಿಯ ಪದ್ಧತಿಯಿದೆ. ಎಎನ್‌ಎ ಮಾತ್ರ ಇನ್ನೂ ಬಿಗಿ: ಅಲ್ಲಿ ಸದಸ್ಯರು, ಅವರ ಬಾಳಸಂಗಾತಿ ಮತ್ತು ಎರಡನೆಯ ಹಂತದವರೆಗಿನ ಬಂಧುಗಳು ಮಾತ್ರ ಅರ್ಹರು. ತಂದೆ-ತಾಯಿ, ಮಕ್ಕಳು, ಅಜ್ಜ-ಅಜ್ಜಿ, ಮೊಮ್ಮಕ್ಕಳು, ಒಡಹುಟ್ಟಿದವರು ಈ ಎಣಿಕೆಯಲ್ಲಿ ಬರುತ್ತಾರೆ; ಚಿಕ್ಕಪ್ಪ, ಸೋದರತ್ತೆ, ಅಣ್ಣನ ಮಗಳು ಜಪಾನಿನ ಲೆಕ್ಕದಲ್ಲಿ ಮೂರನೆಯ ಹಂತಕ್ಕೆ ಸೇರುವುದರಿಂದ ಹೊರಗುಳಿಯುತ್ತಾರೆ. ಅವರಿಗೇ ಇಲ್ಲದ ಅವಕಾಶ ಗೆಳತಿಗೆ ಸಿಗುವ ಮಾತೇ ಇಲ್ಲ. ಜಪಾನ್ ಏರ್‌ಲೈನ್ಸ್‌ನ ನಿಯಮವೂ ಹೆಚ್ಚುಕಡಿಮೆ ಇಂಥದ್ದೇ, ಕೊರಿಯನ್ ಏರ್ ಅಂತೂ ಕುಟುಂಬದವರೆಂದು ತೋರಿಸುವ ದಾಖಲೆಯನ್ನೇ ಕೇಳುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಹಲವರು ಸಿಡುಕುತ್ತಾರೆ. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಅಡ್ವಾಂಟೇಜ್ ಎಂಬ ಮೈಲ್ಸ್ ಯೋಜನೆಯನ್ನು ಆರಂಭಿಸಿ, ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದೇ ಹಾದಿ ಹಿಡಿದ ಮೇಲೆ, ಪ್ರಯಾಣಿಕರಿಂದ ಈ ಬಹುಮಾನ ಟಿಕೆಟ್‌ಗಳನ್ನು ಕೊಂಡು ಬೇರೆಯವರಿಗೆ ಮಾರುವ ದಲ್ಲಾಳಿಗಳ ವರ್ಗವೊಂದು ಹುಟ್ಟಿಕೊಂಡಿತು. ನಿಷ್ಠಾವಂತ ಗ್ರಾಹಕರಿಗೆಂದು ಮೀಸಲಿಟ್ಟ ಸೀಟು ಅಪರಿಚಿತರಿಗೆ ಅಗ್ಗವಾಗಿ ಬಿಕರಿಯಾಗುವುದನ್ನು ತಡೆಯಲು ಸಂಸ್ಥೆಗಳು ನ್ಯಾಯಾಲಯದವರೆಗೂ ಹೋದವು. ನಾಮಿನಿ ಪಟ್ಟಿ, ಬಂಧುತ್ವದ ಹಂತ ಮುಂತಾದ ಬೇಲಿಗಳು ತಡೆಯುವುದು ಇದೇ ಬಗೆಯ ವ್ಯಾಪಾರವನ್ನು.

ಹಾಗಾದರೆ ನೀವು ಮಾಡಬಹುದಾದದ್ದು ಇಷ್ಟು. ಎಎನ್‌ಎ ಮತ್ತು ಸಿಂಗಪುರ ಏರ್‌ಲೈನ್ಸ್ ಎರಡೂ 1997ರಲ್ಲಿ ಆರಂಭವಾದ ಸ್ಟಾರ್ ಅಲಯನ್ಸ್ ಎಂಬ ವಿಮಾನಯಾನ ಸಂಸ್ಥೆಗಳ ಕೂಟದ ಈಗಿನ ಸದಸ್ಯರು, ಹಾಗಾಗಿ ಕೂಟದ ಒಂದೇ ವಿಮಾನದಲ್ಲಿ ನಿಮ್ಮ ಸೀಟನ್ನು ಎಎನ್‌ಎ ಮೈಲ್ಸ್‌ನಿಂದಲೂ ಗೆಳತಿಯ ಸೀಟನ್ನು ಕ್ರಿಸ್‌ಫ್ಲೈಯರ್ ಮೈಲ್ಸ್‌ನಿಂದಲೂ ತೆಗೆಯಲು ಸಾಧ್ಯವಿದೆ. ಗೆಳತಿಗೆ ಸಲ್ಲದ ಮೈಲ್ಸ್ ನಿಮಗಂತೂ ಸಲ್ಲುತ್ತವಲ್ಲ! ಇದರಿಂದ ಕ್ರಿಸ್‌ಫ್ಲೈಯರ್ ಖಾತೆಯ ಮೇಲಿನ ಹೊರೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಸಿಂಗಪುರ ಏರ್‌ಲೈನ್ಸ್ ತನ್ನ ದೂರದ ಮಾರ್ಗಗಳ ಬಿಸಿನೆಸ್ ಮತ್ತು ಫಸ್ಟ್ ಕ್ಲಾಸ್ ಸೀಟುಗಳನ್ನು ಪಾಲುದಾರ ಸಂಸ್ಥೆಗಳ ಸದಸ್ಯರಿಗೆ ಬಿಟ್ಟುಕೊಡುವುದು ಅಪರೂಪವಾದ್ದರಿಂದ, ಮೇಲ್ದರ್ಜೆಯಲ್ಲಿ ಹೋಗುವ ಆಲೋಚನೆಯಿದ್ದರೆ ಕೂಟದ ಬೇರೊಂದು ಸಂಸ್ಥೆಯ ವಿಮಾನವನ್ನೋ ಎಎನ್‌ಎ ವಿಮಾನವನ್ನೋ ನೋಡುವುದು ಒಳ್ಳೆಯದು. ಎರಡೂ ಯೋಜನೆಗಳಲ್ಲಿ ಮೈಲ್ಸ್‌ನ ಆಯುಸ್ಸು ಸಾಮಾನ್ಯವಾಗಿ 36 ತಿಂಗಳು. ಯಾವ ಖಾತೆಯಲ್ಲಿ ಅವಧಿ ಮೊದಲು ಮುಗಿಯುತ್ತದೆಯೋ ಅದರಿಂದಲೇ ಆರಂಭಿಸಿ.

ಇನ್ನೊಂದು ಮಾತು: ನಾಮಿನಿಯ ನೋಂದಣಿಯನ್ನು ಈಗಲೇ ಮುಗಿಸಿಡಿ. ಸೀಟು ಕಣ್ಣಿಗೆ ಬಿದ್ದ ಮೇಲೆ ಪಾಸ್‌ಪೋರ್ಟ್‌ನ ಪ್ರತಿ ಕಳುಹಿಸೆಂದು ಗೆಳತಿಯನ್ನು ಕೇಳುತ್ತ ಕೂತರೆ ಆ ಸೀಟು ಅಲ್ಲಿಯೇ ಇರುತ್ತದೆಂದು ಹೇಳಲಾಗದು. ಹೆಸರಿನಲ್ಲಿ ಇನಿಷಿಯಲ್ ಇದ್ದರೆ, ಪಾಸ್‌ಪೋರ್ಟ್‌ನಲ್ಲಿ ಅದು ವಿಸ್ತರಿಸಿದ ರೂಪದಲ್ಲಿದ್ದಾಗ ಇಲ್ಲಿಯೂ ಹಾಗೆಯೇ ಬರೆಯಬೇಕು.

ಕಿಟಕಿಪಕ್ಕ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಜಾಲತಾಣದ್ದೇನೂ ತಪ್ಪಿಲ್ಲ. ಮೈಲ್ಸ್‌ಗೆಂದು ಬಿಡುಗಡೆಯಾಗುವ ಸೀಟುಗಳು ಎಲ್ಲವೂ ಒಂದೇ ಬೆಲೆಯವಲ್ಲ. ಕಡಿಮೆ ದರದ ಸೀಟುಗಳು ಬೆರಳೆಣಿಕೆಯಷ್ಟಿದ್ದು, ಅವು ಮುಗಿದ ಮೇಲೆ ಹೆಚ್ಚಿನ ದರದವು ಬರುತ್ತವೆ. ಕ್ರಿಸ್‌ಫ್ಲೈಯರ್‌ನಲ್ಲಿ ಸೇವರ್ (ಕಡಿಮೆ ದರ) ಮತ್ತು ಅಡ್ವಾಂಟೇಜ್ (ಹೆಚ್ಚಿನ ದರ) ಎಂಬ ಹೆಸರುಗಳನ್ನು ನೀವು ನೋಡಿರುತ್ತೀರಿ. ಇಬ್ಬರಿಗೆಂದು ಹುಡುಕಿದಾಗ ವ್ಯವಸ್ಥೆಯು ಒಂದೇ ದರದಲ್ಲಿ ಎರಡು ಸೀಟು ಸಿಗುತ್ತವೆಯೇ ಎಂದು ನೋಡುತ್ತದೆ. ಸೇವರ್‌ನಲ್ಲಿ ಒಂದೇ ಒಂದು ಉಳಿದಿದ್ದರೆ, ಅದನ್ನು ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಮೇಲಿನ ದರಕ್ಕೆ ತಳ್ಳುವ ಬದಲು ಇಬ್ಬರನ್ನೂ ಮೇಲಿನ ದರಕ್ಕೆ ಏರಿಸುತ್ತದೆ, ಇಲ್ಲವೇ ಸೀಟೇ ಇಲ್ಲವೆಂದು ಕೈಚೆಲ್ಲುತ್ತದೆ. ಹಣ ಕೊಟ್ಟು ತೆಗೆಯುವ ಟಿಕೆಟ್‌ಗಳಲ್ಲಿಯೂ ಇದೇ ನಡೆಯುತ್ತದೆ, ಆದರೆ ಅಲ್ಲಿ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಕಾಲ್ಪನಿಕ ಅಂಕಿಗಳಲ್ಲಿ ಹೇಳುವುದಾದರೆ, ಕಡಿಮೆ ದರ 30,000 ಮತ್ತು ಮೇಲಿನ ದರ 55,000 ಮೈಲ್ಸ್ ಎಂದಿಟ್ಟುಕೊಳ್ಳಿ. ಕಡಿಮೆ ದರದಲ್ಲಿ ಒಂದು ಸೀಟು ಮಾತ್ರ ಉಳಿದಿದೆ. ಇಬ್ಬರಿಗೂ ಒಟ್ಟಿಗೆ ಹುಡುಕಿದರೆ ಪರದೆಯ ಮೇಲೆ 1,10,000 ಎಂದು ಕಾಣುತ್ತದೆ. ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೆಗೆದರೆ 85,000ಕ್ಕೆ ಕೆಲಸ ಮುಗಿಯುತ್ತದೆ. 25,000 ಮೈಲ್ಸ್‌ನ ವ್ಯತ್ಯಾಸ ಕೇವಲ ಹುಡುಕುವ ಕ್ರಮದಿಂದ ಹುಟ್ಟಿದ್ದು. ಆದ್ದರಿಂದ ಯಾವಾಗಲೂ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ ಹುಡುಕಿ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದರ ದುಪ್ಪಟ್ಟಿಗೆ ಇನ್ನೊಂದು ಸರಿಹೊಂದದಿದ್ದರೆ ಕಡಿಮೆ ದರದಲ್ಲಿ ಒಂದೇ ಸೀಟಿದೆ ಎಂದು ತಿಳಿಯಿರಿ.

ಎರಡು ಸೀಟು ಒಟ್ಟಿಗೆ ಬೇಕೆನ್ನುವವರಿಗೆ ದಿನಾಂಕದ ಸಡಿಲಿಕೆಗಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ. ಸಿಂಗಪುರ ಏರ್‌ಲೈನ್ಸ್ ಮತ್ತು ಎಎನ್‌ಎ ಎರಡೂ ಪ್ರಯಾಣಕ್ಕೆ 355 ದಿನ ಮೊದಲು ಬುಕಿಂಗ್ ತೆರೆಯುತ್ತವೆ. ಆ ಹೊತ್ತಿಗೆ ಹುಡುಕಿದವರಿಗೆ ಜೋಡಿ ಸೀಟು ಸಿಗುವ ಸಂಭವ ಹೆಚ್ಚು. ಆದರೆ ಹಿಂದಿರುಗುವ ದಿನಾಂಕವು ಆಗಿನ್ನೂ ತೆರೆದಿರುವುದಿಲ್ಲ ಎಂಬ ತೊಡಕಿದೆ, ಆದುದರಿಂದ ಹೋಗುವುದನ್ನು ಮೊದಲು ಕಾದಿರಿಸಿ ಬರುವುದನ್ನು ಆಮೇಲೆ ಸೇರಿಸುವ ಧೈರ್ಯ ಇರಬೇಕು. ಸೇವರ್ ವೇಯ್ಟ್‌ಲಿಸ್ಟ್‌ಗೆ ಸೇರುವುದಾದರೆ ಇಬ್ಬರನ್ನೂ ಒಂದೇ ಬುಕಿಂಗ್‌ನಲ್ಲಿ ಸೇರಿಸಿದಾಗ ಎರಡು ಸೀಟು ತೆರವಾಗುವವರೆಗೆ ಕಾಯಬೇಕಾಗುತ್ತದೆ. ಬೇರೆ ಬೇರೆಯಾಗಿ ಸೇರಿಸಿದರೆ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರು ಅತಂತ್ರರಾಗಿ ಉಳಿಯುವ ಅಪಾಯವಿದೆ. ನನಗೆ ಮೊದಲನೆಯದೇ ಲೇಸೆನಿಸುತ್ತದೆ, ಏಕೆಂದರೆ ಒಬ್ಬರಿಗೆ ಮಾತ್ರ ಸಿಕ್ಕ ಟಿಕೆಟ್ ಜೊತೆಯ ಪ್ರಯಾಣದ ಉದ್ದೇಶವನ್ನೇ ಕೆಡಿಸುತ್ತದೆ.

ಲೆಕ್ಕಿಗ

ಮೇಘಪಥ ಅವರು ಎರಡು ಖಾತೆಗಳಿಂದ ಒಂದೊಂದು ಟಿಕೆಟ್ ತೆಗೆಯುವ ಉಪಾಯವನ್ನು ಚೆನ್ನಾಗಿ ವಿವರಿಸಿದ್ದಾರೆ, ಆದರೆ ಅದರ ಬೆಲೆಯನ್ನು ಸ್ವಲ್ಪ ಹಗುರವಾಗಿ ಕಂಡಿದ್ದಾರೆ ಎಂದು ನನ್ನ ಭಾವನೆ. ಎರಡು ಖಾತೆ ಎಂದರೆ ಎರಡು ಪಿಎನ್‌ಆರ್. ವಿಮಾನ ರದ್ದಾದಾಗ ಅಥವಾ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿಹೋದಾಗ ವ್ಯವಸ್ಥೆಯು ಪಿಎನ್‌ಆರ್ ಪ್ರಕಾರ ಮರುಹೊಂದಾಣಿಕೆ ಮಾಡುತ್ತದೆ; ನೀವಿಬ್ಬರೂ ಒಟ್ಟಿಗೆ ಹೊರಟವರೆಂಬ ಸಂಗತಿ ಅದಕ್ಕೆ ಗೊತ್ತೇ ಇರುವುದಿಲ್ಲ. ನಿಮಗೆ ಬೆಳಗಿನ ವಿಮಾನ, ಗೆಳತಿಗೆ ಮರುದಿನದ ವಿಮಾನ ಎಂದಾಗಬಹುದು. ದೂರವಾಣಿ ಮಾಡಿ ಎರಡು ಬುಕಿಂಗ್‌ಗಳಲ್ಲೂ ಪರಸ್ಪರ ಉಲ್ಲೇಖ ಹಾಕಿಸಿದರೆ ಕೌಂಟರಿನಲ್ಲಿರುವ ಸಿಬ್ಬಂದಿಗೆ ಅದು ಕಾಣುತ್ತದೆ, ಆದರೆ ಆ ಟಿಪ್ಪಣಿಯಿಂದ ಎರಡು ಬುಕಿಂಗ್ ಒಂದಾಗಿಬಿಡುವುದಿಲ್ಲ. ನೇರ ವಿಮಾನವಾದರೆ ಈ ಅಪಾಯ ಕಡಿಮೆ. ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ ಒಂದೇ ಖಾತೆಯಿಂದ, ಒಂದೇ ಪಿಎನ್‌ಆರ್‌ನಲ್ಲಿ ಇಬ್ಬರನ್ನೂ ಇರಿಸಲು ಕೆಲವು ಸಾವಿರ ಮೈಲ್ಸ್ ಹೆಚ್ಚಾದರೂ ನಾನು ಕೊಡುತ್ತೇನೆ.

ಒಬ್ಬರಿಗೆ ಹಣ, ಇನ್ನೊಬ್ಬರಿಗೆ ಮೈಲ್ಸ್ ಎಂಬ ಪ್ರಶ್ನೆಗೆ ಬಂದರೆ, ಮೊದಲು ಮೈಲ್ಸ್‌ನ ಬೆಲೆ ಕಟ್ಟಬೇಕು. ಹಣ ಕೊಟ್ಟು ತೆಗೆದರೆ ಬೀಳುವ ದರದಿಂದ, ಮೈಲ್ಸ್ ಟಿಕೆಟ್‌ಗೂ ಕಟ್ಟಲೇಬೇಕಾದ ತೆರಿಗೆ ಮತ್ತು ಸರ್ಚಾರ್ಜ್‌ಗಳನ್ನು (ಸಂಸ್ಥೆ ವಿಧಿಸುವ ಹೆಚ್ಚುವರಿ ಶುಲ್ಕಗಳನ್ನು) ಕಳೆದು, ಉಳಿದ ಮೊತ್ತವನ್ನು ಬೇಕಾಗುವ ಮೈಲ್ಸ್‌ನಿಂದ ಭಾಗಿಸಿದರೆ ಒಂದೊಂದು ಮೈಲ್‌ಗೆ ನಿಮಗೆ ಎಷ್ಟು ದಕ್ಕುತ್ತದೆಂದು ತಿಳಿಯುತ್ತದೆ. ಈ ಕಳೆಯುವ ಹೆಜ್ಜೆಯನ್ನು ಮರೆತೇ ಎಷ್ಟೋ ಜನ ತಮ್ಮ ಟಿಕೆಟ್ ಪುಕ್ಕಟೆಯಾಯಿತೆಂದು ಬೀಗುತ್ತಾರೆ. ಸಿಂಗಪುರ ಏರ್‌ಲೈನ್ಸ್ ತನ್ನ ಸ್ವಂತ ವಿಮಾನಗಳ ಮೈಲ್ಸ್ ಟಿಕೆಟ್‌ಗಳ ಮೇಲಿನ ಇಂಧನ ಸರ್ಚಾರ್ಜನ್ನು 2017ರಲ್ಲಿ ಕೈಬಿಟ್ಟಿತು, ಆದರೆ ಅದೇ ಮೈಲ್ಸ್‌ನಿಂದ ಪಾಲುದಾರರ ವಿಮಾನ ಹಿಡಿದರೆ ಅವರ ಸರ್ಚಾರ್ಜ್ ನಿಮ್ಮ ತಲೆಗೆ ಬರಬಹುದು. ಬ್ರಿಟನ್ನಿನಿಂದ ಹೊರಡುವ ದೂರದ ವಿಮಾನಗಳಿಗೆ ಅಲ್ಲಿಯ ಸರ್ಕಾರ ವಿಧಿಸುವ ಪ್ರಯಾಣಿಕ ಸುಂಕ ಮೇಲ್ದರ್ಜೆಯವರಿಗೆ ಇನ್ನೂ ಹೆಚ್ಚು, ಮತ್ತು ಅದಕ್ಕೆ ಮೈಲ್ಸ್ ಟಿಕೆಟ್ ಎಂಬ ರಿಯಾಯಿತಿಯಿಲ್ಲ. ಇಬ್ಬರು ಹೋಗುವಾಗ ಇವೆಲ್ಲ ಎರಡರಷ್ಟಾಗುತ್ತವೆ.

ಲೆಕ್ಕದ ನಂತರವೂ ಒಂದು ಟಿಕೆಟ್‌ಗೆ ಹಣ ಕೊಡುವುದೆಂದು ತೀರ್ಮಾನವಾದರೆ, ಹಣದ ಟಿಕೆಟ್ ನಿಮ್ಮ ಹೆಸರಿನಲ್ಲಿರಲಿ, ಮೈಲ್ಸ್ ಟಿಕೆಟ್ ಗೆಳತಿಯ ಹೆಸರಿನಲ್ಲಿರಲಿ. ಮೈಲ್ಸ್ ಟಿಕೆಟ್‌ನಲ್ಲಿ ಹೋದವರಿಗೆ ಸಾಮಾನ್ಯವಾಗಿ ಹೊಸ ಮೈಲ್ಸ್ ಸಿಗುವುದಿಲ್ಲ, ಸದಸ್ಯತ್ವದ ಶ್ರೇಣಿಗೂ ಅದು ಲೆಕ್ಕವಾಗುವುದಿಲ್ಲ. ಶ್ರೇಣಿಯ ಪ್ರಯೋಜನ ನಿಮಗಿದೆ, ಅವರಿಗಿಲ್ಲ. ಹೆಚ್ಚಿನವರು ತಮ್ಮ ಮೈಲ್ಸ್ ತಾವೇ ಬಳಸಿ ಜೊತೆಯವರಿಂದ ಹಣದ ಟಿಕೆಟ್ ಕೊಳ್ಳಿಸುತ್ತಾರೆ. ಅದು ತಲೆಕೆಳಗಾದ ಕ್ರಮ. ಎಎನ್‌ಎ ಮೈಲ್ಸ್‌ನ ಅವಧಿ ಮುಗಿಯುತ್ತ ಬಂದಿದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ, ಏಕೆಂದರೆ ಅವನ್ನು ಬಳಸಬಲ್ಲವರು ನಿಮ್ಮಿಬ್ಬರಲ್ಲಿ ನೀವೊಬ್ಬರೇ.

ನಿಲ್ದಾಣದವರು

ಜೊತೆಗಾರರಿಗೆಂದೇ ರೂಪಿಸಿದ ಸೌಲಭ್ಯಗಳ ಪ್ರಸ್ತಾಪ ಇಲ್ಲಿ ಬರದ ಕಾರಣ ಎರಡು ಮಾತು ಸೇರಿಸುತ್ತೇನೆ, ನಿಮ್ಮ ಈಗಿನ ಪ್ರಯಾಣಕ್ಕೆ ಇವು ನೇರವಾಗಿ ಒದಗದಿದ್ದರೂ ಸರಿ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯ ಕಂಪ್ಯಾನಿಯನ್ ಪಾಸ್ ಇವುಗಳಲ್ಲಿ ಹೆಸರುವಾಸಿ. ಪಾಸ್ ಗಳಿಸಿದವರು ಹಣ ಕೊಟ್ಟು ಹೋಗಲಿ, ಪಾಯಿಂಟ್ಸ್ ಬಳಸಿ ಹೋಗಲಿ, ಅವರು ಹೆಸರಿಸಿದ ಒಬ್ಬರು ತೆರಿಗೆ ಮತ್ತು ಶುಲ್ಕಗಳನ್ನಷ್ಟೇ ಕಟ್ಟಿ ಜೊತೆಯಲ್ಲಿ ಹಾರಬಹುದು. ಹೆಸರಿಸಿದವರನ್ನು ವರ್ಷದಲ್ಲಿ ಮೂರು ಬಾರಿಯವರೆಗೆ ಬದಲಿಸಲೂ ಅವಕಾಶವಿದೆ. ಬ್ರಿಟಿಷ್ ಏರ್‌ವೇಸ್‌ನ ಕ್ರೆಡಿಟ್ ಕಾರ್ಡ್ ಮೂಲಕ ದೊರೆಯುವ ಕಂಪ್ಯಾನಿಯನ್ ವೋಚರ್ ಬೇರೆ ಬಗೆಯದು: ಅದರಲ್ಲಿ ಎರಡನೆಯವರ ಟಿಕೆಟ್‌ಗೆ ಬೇಕಾಗುವ ಏವಿಯೋಸ್ (ಆ ಸಂಸ್ಥೆಯ ಮೈಲ್ಸ್‌ನ ಹೆಸರು) ಪಾಯಿಂಟ್ಸ್ ಉಳಿಯುತ್ತವೆಯೇ ಹೊರತು ಅವರ ತೆರಿಗೆ, ಸರ್ಚಾರ್ಜ್‌ಗಳನ್ನು ಪೂರ್ತಿ ಕಟ್ಟಬೇಕು.

ಅದೇ ಸಂಸ್ಥೆಯಲ್ಲಿ ಒಂದೇ ವಿಳಾಸದವರು ಸೇರಿ ಮನೆಮಂದಿಯ ಖಾತೆ ಮಾಡಿಕೊಳ್ಳುವ ಪದ್ಧತಿಯಿದೆ. ಒಬ್ಬರು ಟಿಕೆಟ್ ತೆಗೆದಾಗ ಪಾಯಿಂಟ್ಸ್ ಅವರ ಭಾಗದಿಂದ ಮಾತ್ರ ಹೋಗದೆ, ಎಲ್ಲ ಸದಸ್ಯರ ಖಾತೆಗಳಿಂದಲೂ ಅವರವರ ಪಾಲಿನ ಪ್ರಮಾಣದಲ್ಲಿ ಕಡಿತವಾಗುತ್ತವೆ. ಸೇರುವ ಮೊದಲು ಇದನ್ನು ಎಲ್ಲರಿಗೂ ತಿಳಿಸಿ ಹೇಳದಿದ್ದರೆ ಮನೆಯಲ್ಲಿ ಮುನಿಸು ಖಂಡಿತ. ಅಲ್ಲದೆ ಅಂಥ ಖಾತೆಗೆ ಸೇರಿದ ಮೇಲೆ ಹೊರಗಿನವರಿಗೆ ಟಿಕೆಟ್ ತೆಗೆಯಲು ಅವರನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಬೇಕಾಗುತ್ತದೆ. ಗೆಳೆಯರೊಂದಿಗೆ ಹೆಚ್ಚು ಪ್ರಯಾಣಿಸುವವರಿಗೆ ಒಂಟಿ ಖಾತೆಯೇ ವಾಸಿ.

ದೂರಯಾನಿ

ಎಲ್ಲರ ಉತ್ತರಗಳಿಗೂ ಕೃತಜ್ಞತೆಗಳು. ಗೆಳತಿಯನ್ನು ನಾಮಿನಿ ಪಟ್ಟಿಗೆ ಸೇರಿಸಿದ್ದೇನೆ. ಲೆಕ್ಕಿಗ ಅವರ ಮಾತನ್ನು ಓದಿದ ಮೇಲೆ, ಸಾಧ್ಯವಾದಲ್ಲಿ ಇಬ್ಬರನ್ನೂ ಒಂದೇ ಬುಕಿಂಗ್‌ನಲ್ಲಿ ಇರಿಸುವುದು, ಆಗದಿದ್ದರೆ ನೇರ ವಿಮಾನವೊಂದರಲ್ಲಿ ಎರಡು ಖಾತೆಗಳನ್ನು ಬಳಸುವುದು ಎಂದು ನಿಶ್ಚಯಿಸಿದ್ದೇನೆ.

ಇನ್ನೆರಡು ಸಂದೇಹಗಳಿವೆ. ಗೆಳತಿಯ ರಜೆ ಇನ್ನೂ ಖಚಿತವಾಗಿಲ್ಲ. ಅವರೊಬ್ಬರೇ ಹಿಂದೆಗೆಯಬೇಕಾಗಿ ಬಂದರೆ ಮೈಲ್ಸ್ ಏನಾಗುತ್ತವೆ? ಅವರು ಸ್ವಾಭಿಮಾನಿಯಾದ್ದರಿಂದ ತಮ್ಮ ಟಿಕೆಟ್‌ನ ಮೈಲ್ಸ್‌ಗೆ ತಕ್ಕ ಹಣವನ್ನು ನನಗೆ ಕೊಡುತ್ತೇನೆಂದು ಹಟ ಹಿಡಿದಿದ್ದಾರೆ. ಅದನ್ನು ತೆಗೆದುಕೊಳ್ಳಬಹುದೇ?

ಮೇಘಪಥ

ಹಣದ ಮಾತನ್ನು ಮೊದಲು ಮುಗಿಸುತ್ತೇನೆ: ತೆಗೆದುಕೊಳ್ಳಬೇಡಿ. ಮೈಲ್ಸ್‌ಗೆ ಪ್ರತಿಯಾಗಿ ಹಣ ಪಡೆಯುವುದನ್ನು ಬಹುತೇಕ ಎಲ್ಲ ಯೋಜನೆಗಳ ನಿಯಮಗಳೂ ಮಾರಾಟವೆಂದೇ ಪರಿಗಣಿಸುತ್ತವೆ, ಸಿಕ್ಕಿಬಿದ್ದರೆ ಟಿಕೆಟ್ ರದ್ದುಪಡಿಸಿ ಖಾತೆಯನ್ನೇ ಮುಚ್ಚುವ ಅಧಿಕಾರವನ್ನು ಸಂಸ್ಥೆಗಳು ಉಳಿಸಿಕೊಂಡಿವೆ. ಗೆಳತಿಯರಿಬ್ಬರ ನಡುವಿನ ಲೆಕ್ಕವನ್ನು ಯಾರು ನೋಡುತ್ತಾರೆ ಎನ್ನಬಹುದು. ಆದರೆ ವಿವಾದವೆದ್ದರೆ ನಿಮ್ಮ ಕೈ ಮೇಲಾಗುವ ಭರವಸೆಯಿಲ್ಲ. ತನ್ನ ಸದಸ್ಯತ್ವವನ್ನು ವಿಮಾನಯಾನ ಸಂಸ್ಥೆ ಅನ್ಯಾಯವಾಗಿ ಕೊನೆಗೊಳಿಸಿತೆಂದು ಪ್ರಯಾಣಿಕರೊಬ್ಬರು ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಮೈಲ್ಸ್ ನಮ್ಮ ಖಾತೆಯಲ್ಲಿದ್ದರೂ ಅದರ ಯಜಮಾನಿಕೆ ಬಹುಮಟ್ಟಿಗೆ ಸಂಸ್ಥೆಯದೇ. ಗೆಳತಿಯ ತೆರಿಗೆ ಮತ್ತು ಸರ್ಚಾರ್ಜ್‌ಗಳನ್ನು ಅವರೇ ಭರಿಸಲಿ, ಅದು ಮೈಲ್ಸ್‌ನ ಬೆಲೆಯಲ್ಲ. ಅಲ್ಲಿಗೆ ಅವರ ಸ್ವಾಭಿಮಾನಕ್ಕೂ ಒಂದಿಷ್ಟು ಸಮಾಧಾನವಾದೀತು.

ರದ್ದತಿಯ ವಿಷಯದಲ್ಲಿ ನೆನಪಿಡಬೇಕಾದ ಮೂಲಸೂತ್ರವೆಂದರೆ, ಮೈಲ್ಸ್ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಪ್ರಯಾಣಿಕರು ಯಾರೇ ಆಗಿರಲಿ, ಅವು ಕಡಿತವಾದ ಖಾತೆಗೇ ಮರಳುತ್ತವೆ. ತೆರಿಗೆಯ ಹಣವು ಅದನ್ನು ಪಾವತಿಸಿದ ಕಾರ್ಡಿಗೆ ಮರಳುತ್ತದೆ. ಹಾಗಾಗಿ ತೆರಿಗೆಗೆ ಯಾರ ಕಾರ್ಡ್ ಬಳಸಿದಿರೆಂಬುದನ್ನು ಗುರುತು ಹಾಕಿಟ್ಟುಕೊಳ್ಳಿ. ಇಬ್ಬರೂ ಒಂದೇ ಪಿಎನ್‌ಆರ್‌ನಲ್ಲಿದ್ದು ಒಬ್ಬರು ಮಾತ್ರ ಹಿಂದೆಗೆಯುವುದಾದರೆ, ಮೊದಲು ಬುಕಿಂಗನ್ನು ಎರಡಾಗಿ ಒಡೆಯಬೇಕು. ಇದನ್ನು ದೂರವಾಣಿ ಮೂಲಕ ಸಿಬ್ಬಂದಿಯಿಂದಲೇ ಮಾಡಿಸುವುದು ಒಳ್ಳೆಯದು, ಏಕೆಂದರೆ ಜಾಲತಾಣದಲ್ಲಿ ಆತುರದಿಂದ ರದ್ದತಿಯ ಗುಂಡಿ ಒತ್ತಿದರೆ ಇಬ್ಬರ ಪ್ರಯಾಣವೂ ಒಟ್ಟಿಗೆ ರದ್ದಾಗಬಹುದು. ಹೀಗೆ ಮರಳಿಸಲು ಸಂಸ್ಥೆಗಳು ಮೈಲ್ಸ್ ರೂಪದಲ್ಲೋ ಹಣದ ರೂಪದಲ್ಲೋ ಶುಲ್ಕ ಹಿಡಿಯುವುದುಂಟು.

ಇದರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಅಂಶವಿದೆ. ಮರಳಿ ಬಂದ ಮೈಲ್ಸ್‌ಗೆ ಹೊಸ ಆಯುಸ್ಸು ಸಿಗುವುದಿಲ್ಲ. ಅವುಗಳ ಮೂಲ ಅವಧಿಯೇ ಮುಂದುವರಿಯುತ್ತದೆ. ಬುಕಿಂಗ್ ಮಾಡಿದ ದಿನ ಜೀವಂತವಾಗಿದ್ದ ಮೈಲ್ಸ್‌ನ ಅವಧಿ ರದ್ದು ಮಾಡುವ ದಿನಕ್ಕೆ ಮುಗಿದುಹೋಗಿದ್ದರೆ ಅವು ಮರಳುವ ಮೊದಲೇ ಸತ್ತಿರುತ್ತವೆ. ಆದ್ದರಿಂದ ಬರುವುದು ಅನುಮಾನವಾಗಿರುವವರ ಟಿಕೆಟ್‌ಗೆ ಅವಧಿ ದೂರವಿರುವ ಮೈಲ್ಸ್ ಬಳಸಿ, ಖಂಡಿತವಾಗಿ ಹೋಗುವವರ ಟಿಕೆಟ್‌ಗೆ ಅವಧಿ ಹತ್ತಿರವಿರುವುದನ್ನು ಬಳಸುವುದು ವಿವೇಕ. ನಾನು ಮೇಲೆ ಅವಧಿ ಮೊದಲು ಮುಗಿಯುವ ಖಾತೆಯಿಂದ ಆರಂಭಿಸಿ ಎಂದು ಬರೆದದ್ದು ಇಬ್ಬರ ಪ್ರಯಾಣವೂ ನಿಶ್ಚಿತ ಎಂದುಕೊಂಡು. ಗೆಳತಿಯ ರಜೆ ತೂಗುಯ್ಯಾಲೆಯಲ್ಲಿದ್ದರೆ ಎಎನ್‌ಎಯಿಂದ ನಿಮ್ಮ ಟಿಕೆಟ್, ಕ್ರಿಸ್‌ಫ್ಲೈಯರ್‌ನ ಹೊಸ ಮೈಲ್ಸ್‌ನಿಂದ ಅವರದು ಎಂಬ ವಿಂಗಡಣೆಗೆ ಇನ್ನಷ್ಟು ಬಲ ಬರುತ್ತದೆ. ತೊಡಕೆಂದರೆ, ಒಂದೇ ಖಾತೆಯೊಳಗೆ ಯಾವ ಮೈಲ್ಸ್ ಮೊದಲು ಖರ್ಚಾಗಬೇಕೆಂದು ನಾವು ಆರಿಸುವಂತಿಲ್ಲ, ಹಳೆಯವೇ ಮೊದಲು ಹೋಗುತ್ತವೆ. ಹಾಗಾಗಿ ಕ್ರಿಸ್‌ಫ್ಲೈಯರ್‌ನಲ್ಲಿ ಸದ್ಯದಲ್ಲೇ ಅವಧಿ ಮುಗಿಯುವ ದೊಡ್ಡ ಮೊತ್ತವಿದ್ದರೆ, ಅದು ಗೆಳತಿಯ ಟಿಕೆಟ್‌ನಲ್ಲಿ ಕೂತುಬಿಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬದಲಾವಣೆ ಅಥವಾ ರದ್ದತಿಯನ್ನು ಸಾಮಾನ್ಯವಾಗಿ ಖಾತೆದಾರರಾದ ನೀವೇ ಮಾಡಬೇಕಾಗುತ್ತದೆ. ಗೆಳತಿ ತಮ್ಮ ಪಿಎನ್‌ಆರ್ ಮತ್ತು ಹೆಸರು ಕೊಟ್ಟು ಊಟದ ಆಯ್ಕೆ, ಚೆಕ್‌ಇನ್ ಮುಂತಾದವನ್ನು ಮಾಡಿಕೊಳ್ಳಬಲ್ಲರು, ದಿನಾಂಕ ಬದಲಿಸಲು ಹೊರಟರೆ ಸಂಸ್ಥೆ ನಿಮ್ಮನ್ನೇ ಕೇಳುತ್ತದೆ.

ಕಿಟಕಿಪಕ್ಕ

ಪಾಲುದಾರರ ವಿಮಾನದಲ್ಲಿ ತೆಗೆಯುವುದಾದರೆ ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. ಬುಕಿಂಗ್ ಆಯಿತೆಂಬ ಸಂದೇಶವೂ ಆರು ಅಕ್ಷರಗಳ ಪಿಎನ್‌ಆರ್ ಕೂಡ ಬಂದಮಾತ್ರಕ್ಕೆ ಟಿಕೆಟ್ ಹೊರಟಿದೆ ಎಂದಲ್ಲ. ಇ-ಟಿಕೆಟ್‌ನ 13 ಅಂಕಿಯ ಸಂಖ್ಯೆ ಬಂದಿದೆಯೇ ನೋಡಬೇಕು. ಅದರ ಮೊದಲ ಮೂರು ಅಂಕಿಗಳು ಟಿಕೆಟ್ ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ: ನಿಮ್ಮ ಎಎನ್‌ಎ ಟಿಕೆಟ್ 205ರಿಂದಲೂ ಗೆಳತಿಯ ಸಿಂಗಪುರ ಏರ್‌ಲೈನ್ಸ್ ಟಿಕೆಟ್ 618ರಿಂದಲೂ ಆರಂಭವಾಗುತ್ತವೆ, ನೀವಿಬ್ಬರೂ ಹತ್ತುವುದು ಮೂರನೆಯದೊಂದು ಸಂಸ್ಥೆಯ ವಿಮಾನವನ್ನೇ ಆದರೂ. ಆ ಮೂರನೆಯ ಸಂಸ್ಥೆಯ ವ್ಯವಸ್ಥೆಯಲ್ಲಿ ನಿಮ್ಮಿಬ್ಬರಿಗೂ ಬೇರೆಯದೇ ಪಿಎನ್‌ಆರ್ ಇರಬಹುದು. ಟಿಕೆಟ್ ಕೊಟ್ಟವರಿಗೆ ಕರೆ ಮಾಡಿ ಅದನ್ನು ಕೇಳಿ ಪಡೆಯಿರಿ. ಪಕ್ಕಪಕ್ಕದ ಸೀಟು ಆರಿಸುವುದಕ್ಕೂ, ಎರಡು ಬುಕಿಂಗ್‌ಗಳಲ್ಲಿ ಪರಸ್ಪರ ಉಲ್ಲೇಖ ಹಾಕಿಸುವುದಕ್ಕೂ ಬೇಕಾಗುವುದು ಆ ಪಿಎನ್‌ಆರ್‌ಗಳೇ. ತೆರಿಗೆ ಕಟ್ಟಿದ ಕಾರ್ಡನ್ನು ಚೆಕ್‌ಇನ್ ವೇಳೆ ತೋರಿಸುವಂತೆ ಕೇಳುವ ಸಂಸ್ಥೆಗಳೂ ಇವೆ. ಅದು ನಿಮ್ಮ ಕಾರ್ಡ್ ಆಗಿದ್ದರೆ ಗೆಳತಿಗಿಂತ ಮೊದಲು ನೀವೊಬ್ಬರೇ ಭದ್ರತಾ ತಪಾಸಣೆ ದಾಟಿ ಒಳಗೆ ಹೋಗಿಬಿಡಬೇಡಿ.